ಫೋಟೋ ಬೀಳಲಾರದ ಚಷ್ಮಾ

ಮಂದಿಗೆ ಚೇಷ್ಟೆ ಮಸ್ಕಿರಿ ಮಾಡಬೇಕೆಂದರೆ ನಾನು ಭಾಳ ತಲೆ ಓಡಿಸಬೇಕು, ಮುಂಜಾನೆಯಿಂದ ತಯಾರಿ ನಡೆಸಬೇಕು. ಆದರೆ ನಾನು ಬಾಯಿ ಮುಚ್ಚಿಕೊಂಡು ಸುಮ್ಮನಿದ್ದ ದಿನವೇ ದೊಡ್ಡ ದೊಡ್ಡ ಮಸ್ಕಿರಿ ತಾವಾಗಿ ನಡೆದುಬಿಡುತ್ತವೆ. ಯಾಕೆ ಹೀಗೆ ಅಂತ ನನಗಿನ್ನೂ ತಿಳಿದಿಲ್ಲ. ಚಷ್ಮಾ ಬಂದ ಆ ವಾರದಲ್ಲಂತೂ ನನಗೆ ಏನೇನೂ ತಿಳಿಯಲಿಲ್ಲ.

ಮೊದಲು ನನ್ನ ಪರಿಸ್ಥಿತಿ ಹೇಳಿಬಿಡುತ್ತೇನೆ. ಔರಾದ ತಾಲೂಕಿನ ಎಕಂಬಾ ನಮ್ಮೂರು. ಅಲ್ಲಿ ಅಪ್ಪ, ಅವ್ವ, ಒಬ್ಬ ತಂಗಿ. ನಾನು ಹತ್ತನೇ ಕ್ಲಾಸು ನಪಾಸಾಗಿ ಬೀದರಕ್ಕೆ ಬಂದು ಕಾಕಾನ ಸೈಕಲ್ ಅಂಗಡಿ ಸೇರಿದವನು. ಕಾಕಾ ಅಂದರೆ ಅಪ್ಪನ ತಮ್ಮ. ಪಂಚರ್ ತೆಗೆಯುವುದರಲ್ಲಿ ನನ್ನ ಕೈ ಚಲೋ ಇದೆ, ಬಾಯಿಯದೇ ತಕರಾರು. ಒಂದು ದಿನ ಹವಾ ಹಾಕಿಸಲು ಬಂದ ಸಾಹೇಬರಿಗೆ, "ಯಾವ ಹವಾ ಹಾಕ್ಲಿ ಸರ್, ಬೀದರದ್ದೋ, ಹೈದರಾಬಾದದ್ದೋ?" ಅಂದೆ. ಅವರು ಜರಾ ವಿಚಾರ ಮಾಡಿ, "ಹೈದರಾಬಾದದ್ದೇ ಹಾಕು" ಅಂದರು. "ಅದು ಸಂಜಿ ಬಸ್ಸಿಗಿ ಬರ್ತದ್ರಿ" ಅಂದೆ. ಪಾಪ, ಸಂಜೆಯ ತನಕ ಕುಳಿತುಬಿಟ್ಟರು.

ಆವತ್ತು ಕಾಕಾ ಕೊನೆಯ ಮಾತು ಹೇಳಿದ: "ಇನ್ನೊಂದು ಸಲ ಮಸ್ಕಿರಿ ಮಾಡಿದಿ ಅಂದ್ರ ಎಕಂಬಾ ಬಸ್ ಹತ್ತಿಸ್ತೇನಿ. ಮತ್ತ ಸಾಲಿಗಿ ಹೋಗಿ ಹತ್ತನೇ ಕ್ಲಾಸಿನ್ಯಾಗ ಕೂಡು."

ಸಾಲೆಗೆ ನಾನು ಅಂಜುವವನಲ್ಲ. ಆದರೆ ನನ್ನ ತಂಗಿ ಈ ವರ್ಷ ಹತ್ತನೇ ಕ್ಲಾಸು. ಮೇಲಾಗಿ ಕ್ಲಾಸ್ ಲೀಡರ್. ಫೋನಿನಲ್ಲಿ ಆಗಲೇ ಹೇಳಿದ್ದಳು: "ಬಾ ಅಣ್ಣಾ ಬಾ, ಮಾತಾಡಿದವರ ಹೆಸರು ಬೋರ್ಡಿನ ಮ್ಯಾಲ ನಾನೇ ಬರೀತೇನಿ."

ಡಬ್ಬಿ ಓದಿದ ಕಾಕಾ

ಹೈದರಾಬಾದಿನಿಂದ ಮಾಲು ತರುವ ಏಜೆಂಟರೊಬ್ಬರು ನಮ್ಮ ಅಂಗಡಿಗೆ ಬರುತ್ತಿರುತ್ತಾರೆ. ಆ ಸಲ ಟೈರು ಟ್ಯೂಬಿನ ಜೊತೆ ಒಂದು ಸಣ್ಣ ಡಬ್ಬಿಯನ್ನೂ ಕಾಕಾನ ಕೈಗೆ ಕೊಟ್ಟರು.

"ಸೈಕಲ್ ಹೊಡಿಯೋರ ಚಷ್ಮಾ ಅದ. ಒಂದು ವಾರ ಇಟ್ಕೊಳ್ರಿ. ಹಾಕ್ಕೊಂಡು ತಿರುಗ್ಯಾಡಿ ಚಲೋ ಏನದ, ಖರಾಬ್ ಏನದ, ಖರೇ ಖರೇ ಹೇಳ್ರಿ. ನಿಮ್ಮ ರಿಪೋರ್ಟ್ ಬರೋಬರ್ ಇತ್ತಂದ್ರ ಇಡೀ ಜಿಲ್ಲಾದಾಗ ನಿಮ್ಮ ಅಂಗಡಿಗೇ ಈ ಮಾಲು."

ಮುಂದೆ ಇನ್ನೂ ಏನೋ ಹೇಳುವವರಿದ್ದರು, ಅಷ್ಟರಲ್ಲಿ ಅವರ ಫೋನ್ ಬಡಿಯಿತು. ಫೋನಿನಲ್ಲಿ ಜಗಳ ಮಾಡುತ್ತಲೇ ಗಾಡಿ ಹತ್ತಿ ಹೋಗಿಬಿಟ್ಟರು.

ಕಾಕಾ ಡಬ್ಬಿಯನ್ನು ನನ್ನ ಮುಂದೆ ಹಿಡಿದ. "ಈ ಕೆಲ್ಸ ನಿಂದು. ಬೀದರ, ಭಾಲ್ಕಿ, ಎಲ್ಲಾ ಕಡಿ ತಿರುಗು. ಇದ್ರಾಗ ಮಸ್ಕಿರಿ ಮಾಡಿದಿ ಅಂದ್ರ ಎಕಂಬಾ."

ಡಬ್ಬಿಯ ಮೇಲೆ ಎಲ್ಲಾ ಇಂಗ್ಲಿಷು. ಕಾಕಾ ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು ಓದಿದ. "ಫೋ... ಟೋ... ಮುಂದ ಏನೋ ಉದ್ದ ಅದ. ಇಲ್ಲಿ ಕೆಳಗ ಲೈಟ್ ಅಂತ ಬರ್ದದ. ಫೋಟೋ ಅದ, ಲೈಟ್ ಅದ. ತಿಳೀತೇನೋ?"

"ಇಲ್ರಿ."

"ಕ್ಯಾಮೆರಾ ಚಷ್ಮಾ ಅದ ಇದು! ಲೈಟ್ ಅಂದ್ರ ಫ್ಲ್ಯಾಶ್."

ಈಗ ನನಗೆ ಗೊತ್ತಿದೆ, ಆ ಚಷ್ಮಾದ ಗುಟ್ಟು ಭಾಳ ಸಣ್ಣದು. ಬಿಸಿಲಿಗೆ ಬಂದರೆ ಅದರ ಗಾಜು ಕರ್ರಗಾಗುತ್ತದೆ, ನೆರಳಿಗೆ ಹೋದರೆ ಮೆಲ್ಲಗೆ ಬೆಳ್ಳಗಾಗುತ್ತದೆ. ಲೈಟ್ ಅಂದರೆ ಹಗುರ ಅಂತ, ಅಷ್ಟೇ. ಆದರೆ ಆವತ್ತು ನಮಗೆ ಹೇಳುವವರು ಯಾರು?

ಕಾಕಾ ಕೈಯ ಗ್ರೀಸ್ ಒರೆಸಿಕೊಂಡ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ, ಒಂದು ಹೊಸ ಸೈಕಲ್ ಹಿಡಿದು ನಿಂತ. ನಾನು ಚಷ್ಮಾ ಹಾಕಿಕೊಂಡು ಅವನನ್ನೇ ನೋಡಿದೆ. ಏನೂ ಆಗಲಿಲ್ಲ.

"ಒಳಗ ಬೆಳಕು ಸಾಲಲ್ಲ" ಅಂತ ಕಾಕಾ ಹೊರಗೆ ಬಂದ. ಬಿಸಿಲಲ್ಲಿ ನಿಂತೆವು. ನಿಂತ ಹಾಗೇ ಜಗತ್ತೆಲ್ಲ ಮಬ್ಬಾಗತೊಡಗಿತು.

"ಕಾಕಾ, ಕರ್ರಗ ಆಗ್ಲತ್ತದ್ರಿ!"

ಕಾಕಾ ಹತ್ತಿರ ಬಂದು ಗಾಜು ನೋಡಿದ. "ಅಬ್ಬಾ, ನಿನ್ನ ಕಣ್ಣೇ ಕಾಣಲ್ಲಾಗ್ಯಾವ. ಫೋಟೋ ಬಿತ್ತು! ಒಳಗ ತುಂಬ್ಯದ. ನಡಿ, ನೋಡೋಣು."

ಫೋಟೋ ನೋಡಲು ಚಷ್ಮಾವನ್ನು ಅಂಗಡಿಯೊಳಗೆ ಒಯ್ದು, ಹಿಂದೆ ಮುಂದೆ ತಿರುಗಿಸುತ್ತ ಗುಂಡಿ ಹುಡುಕಿದೆವು. ಗುಂಡಿ ಸಿಗಲಿಲ್ಲ. ನಾವು ಹುಡುಕುವುದರೊಳಗೆ ಗಾಜು ನೀರಿನ ಹಾಗೆ ತಿಳಿಯಾಯಿತು.

"ನನ್ನ ಫೋಟೋ ಅಳಿಸಿದಿ ಏನೋ?"

"ದೇವ್ರಾಣಿ ನಾ ಮುಟ್ಟಿಲ್ರಿ."

ಆ ಮಧ್ಯಾಹ್ನವೆಲ್ಲ ಇದೇ ನಡೆಯಿತು. ಹೊರಗೆ ಹೋಗಿ ತುಂಬುವುದು, ಒಳಗೆ ಬಂದು ಕಳೆಯುವುದು. ಬಿಳಿ ಅಂಗಿ ಕಾಣುವುದಿಲ್ಲವೇನೋ ಅಂತ ಕಾಕಾ ಮನೆಗೆ ಹೋಗಿ ನೀಲಿ ಅಂಗಿ ಹಾಕಿಕೊಂಡು ಬಂದ, ಆಮೇಲೆ ಪಟ್ಟೆಪಟ್ಟೆಯದು. ಕಡೆಗೆ ಕಾಕಿ ಮನೆಯ ಬಾಗಿಲಲ್ಲಿ ನಿಂತು ಕೂಗಿದಳು: "ಈ ವಯಸ್ಸಿನ್ಯಾಗ ಎಷ್ಟು ಫೋಟೋ ಹೊಡಿಸ್ಕೋತೀರಿ? ಯಾರೂ ಹೆಣ್ಣು ಕೊಡಲ್ಲ, ಊಟಕ್ಕ ಬರ್ರಿ!"

ಬದನೆಕಾಯಿಯ ಮುಂದೆ

ಮರುದಿನ ಕಾಕಾನಿಗೆ ಹೊಸ ಸಂಶಯ ಹುಟ್ಟಿತು. ನಮ್ಮ ಅಂಗಡಿಯಲ್ಲಿ ಮಾಲಿನ ಪರೀಕ್ಷೆ ಅಂದರೆ ಒಂದೇ, ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸುವುದು. ಭಾರ ಇದ್ದರೆ ಗಟ್ಟಿ ಮಾಲು, ಹಗುರ ಇದ್ದರೆ ಡುಪ್ಲಿಕೇಟ್. ಚಷ್ಮಾವನ್ನೂ ಹಾಗೇ ಆಡಿಸಿದ. ಅದು ಕೈಯಲ್ಲಿ ಇದೆಯೋ ಬಿತ್ತೋ ಅಂತ ನಡುನಡುವೆ ನೋಡಿಕೊಂಡ.

"ಕ್ಯಾಮೆರಾ ಅದ, ಲೈಟ್ ಅದ, ಅಂದ್ಮ್ಯಾಲ ಬ್ಯಾಟರಿನೂ ಇರ್ತದ. ಮತ್ತ ಇಷ್ಟು ಹಗುರ ಹ್ಯಾಂಗ? ಹೋಗು, ತೂಗಿಸ್ಕೊಂಡು ಬಾ."

ನಮ್ಮ ಅಂಗಡಿಯ ಎದುರಿಗೇ ಒಬ್ಬ ಆಯಿ ಕಾಯಿಪಲ್ಲೆ ಮಾರುತ್ತಾಳೆ. ಆಗಷ್ಟೇ ಗೋಣಿಚೀಲ ಹಾಸಿ, ತಕ್ಕಡಿ ತೆಗೆದಿದ್ದಳು. "ಆಯಿ, ಇದು ಜರಾ ತೂಗ್ರಿ" ಅಂತ ಚಷ್ಮಾ ಇಟ್ಟೆ. ಅವಳು ಎಲ್ಲಕ್ಕಿಂತ ಸಣ್ಣ ತೂಕದ ಕಲ್ಲು ಇಟ್ಟಳು, ಕಲ್ಲು ಧಡಕ್ಕನೆ ಕೆಳಗೆ ಹೋಯಿತು. ಕಲ್ಲು ತೆಗೆದು ಒಂದು ಬದನೆಕಾಯಿ ಇಟ್ಟಳು. ಅದೂ ಕೆಳಗೇ ಕೂತಿತು. ಅದಕ್ಕಿಂತ ಸಣ್ಣದನ್ನು ಹುಡುಕಿ ಇಟ್ಟಳು. ಅದೂ ಅಷ್ಟೇ.

"ಇದ್ರಾಗ ಏನೂ ಇಲ್ಲೋ ಮಗನ. ನಿಂಗ ಯಾರೋ ಟೋಪಿ ಹಾಕ್ಯಾರ. ನನ್ನ ಬದನಿಕಾಯಿ ನೋಡು, ಹ್ಯಾಂಗ ಗಟ್ಟಿ ಕುಂತದ."

ಚಷ್ಮಾ ಎತ್ತಿಕೊಂಡು ಹೊರಟೆ. ಆಯಿ ನನ್ನ ಅಂಗಿ ಹಿಡಿದಳು. "ಇನ್ನಾ ಬೋಣಿ ಆಗಿಲ್ಲ. ದಿನದ ಮೊದಲ್ನೇ ತೂಕ ಮಾಡ್ಸಿ ಖಾಲಿ ಕೈಲೆ ಹೊಂಟಿ? ತೂಗಿದ ಮಾಲು ಒಯ್ಯಬೇಕು."

"ಇದು ನಂದೇ ಮಾಲು ಆಯಿ!"

"ನಿಂದು ನೀ ಒಯ್ಯಿ. ಈಚಿ ಕಡಿದು ಯಾರು ಒಯ್ತಾರ?"

ಆ ಬದನೆಕಾಯಿ ಕೊಂಡೇ ಬರಬೇಕಾಯಿತು. ಕಾಕಿ ಅದನ್ನು ಮಧ್ಯಾಹ್ನದ ಪಲ್ಯದಲ್ಲಿ ಹಾಕಿದಳು. ಊಟವಾದ ಮೇಲೆ ಕಾಕಾ ಕೈ ತೊಳೆಯುತ್ತ ಕೇಳಿದ, "ತೂಕ ಎಷ್ಟಾಯ್ತು?"

"ಒಂದು ಬದನಿಕಾಯಿಗಿಂತ ಕಮ್ಮಿ."

"ಎಷ್ಟು ದೊಡ್ಡ ಬದನಿಕಾಯಿ? ತೋರ್ಸು."

"ಈಗ ನೀವು ತಿಂದ್ರಲ್ಲ, ಅದೇ."

ಕಾಕಾ ತನ್ನ ಹೊಟ್ಟೆ ನೋಡಿಕೊಂಡ. "ಏಜೆಂಟ್ ಬಂದು ಕೇಳಿದ್ರ ಈಗ ನಾನೇ ತಕ್ಕಡ್ಯಾಗ ಕೂಡಬೇಕೇನೋ?"

ಕೋಟೆಯ ದರವಾಜೆಯಲ್ಲಿ

ಚಷ್ಮಾ ಹಾಕಿಕೊಂಡು ಊರ ಪಕ್ಕದ ಅಷ್ಟೂರದ ಕಡೆ ಸೈಕಲ್ಲಿನ ಮೇಲೆ ಒಂದು ಸುತ್ತು ಹೊಡೆದು, ಬರುವಾಗ ಕೋಟೆಯೊಳಗಿಂದ ಬಂದೆ. ಹೊರಗೆ ರಣಬಿಸಿಲು. ದರವಾಜೆಯೊಳಗೆ ಹೊಕ್ಕ ಕೂಡಲೇ ಕತ್ತಲೆ ಅಂದರೆ ಕತ್ತಲೆ. ಚಷ್ಮಾ ಇನ್ನೂ ಕರ್ರಗೇ ಇತ್ತು. ನನಗೋ ಅದು ಫೋಟೋ ತುಂಬಿ ಹಾಗಾಗಿದೆ ಅಂತ ಲೆಕ್ಕ. ತೆಗೆಯೋಣ ಅಂದರೆ ಮೂಗಿನ ಮೇಲೆ ಅದು ಇದೆ ಅನ್ನುವುದೇ ಮರೆತುಹೋಗಿತ್ತು, ಅಷ್ಟು ಹಗುರ.

ಮುಂದೆ ದಪ್ಪಗೆ ಯಾರೋ ನಿಂತಿದ್ದರು.

"ಆಂಟಿ, ಜರಾ ಸರೀರಿ" ಅಂದೆ. ಸರಿಯಲಿಲ್ಲ.

"ಆಂಟಿ, ನಂದು ಬ್ರೇಕ್ ಇಲ್ರಿ!" ಅಂದೆ. ಆಂಟಿ ಮೆಲ್ಲಗೆ ಹೊರಳಿ ನೋಡಿದಳು. ಎರಡು ಕೋಡು.

ಗೋಡೆಗೆ ಸೈಕಲ್ ತಾಗಿಸಿ ನಿಲ್ಲಿಸಿದೆ. ಎಮ್ಮೆಯ ಆಚೆಯಿಂದ ಕೋಲು ಹಿಡಿದ ಹೆಂಗಸೊಬ್ಬಳು ಬಂದಳು. "ಯಾರಿಗೋ ಆಂಟಿ ಅಂದಿ?"

ನಿಮಗೇ ಅಂದೆ ಅನ್ನಲೋ, ಎಮ್ಮೆಗೆ ಅಂದೆ ಅನ್ನಲೋ? ಎರಡೂ ಕಡೆ ಹೊಡೆತ ಕಾಣಿಸಿತು. ಕಣ್ಣು ಮುಚ್ಚಿ ಖರೇ ಹೇಳಿದೆ. "ಎಮ್ಮಿಗ್ರೀ."

ಅವಳ ಕೋಪ ನೆತ್ತಿಗೇರಿತು. "ಇನ್ನಾ ಒಂದು ಕರಾ ಹಾಕಿಲ್ಲ ಅದು! ಅದಕ್ಕ ಆಂಟಿ ಅಂತೀಯಾ?"

ವಿಶ್ವಾಸ ಕಮ್ಮಿಯಾದದ್ದು

ರವಿವಾರ ಬಂತು. ನಮ್ಮ ಮನೆಯವರೆಲ್ಲ ಚರ್ಚಿಗೆ ಹೋಗುವವರು. ನಾನು ಮುಂಜಾನೆ ಸೈಕಲ್ ತಿರುಗಾಡಿ ಹಾಗೇ ನೇರ ಚರ್ಚಿಗೆ ಹೋದೆ. ತಡವಾಗಿತ್ತು, ಪಾಸ್ಟರ್ ಆಗಲೇ ನಿಂತಿದ್ದರು. ಕರಿ ಚಷ್ಮಾ ಹಾಕಿಕೊಂಡು ಒಳಗೆ ಬಂದವನನ್ನು ಎಲ್ಲರೂ ಕತ್ತು ತಿರುಗಿಸಿ ನೋಡಿದರು.

ನಮ್ಮ ಕಡೆ ನೆರಳಲ್ಲಿ ಕರಿ ಚಷ್ಮಾ ಹಾಕಿದವನಿಗೆ ಎರಡೇ ಕಾರಣ ಇರುತ್ತವೆ. ಒಂದು, ಕಣ್ಣು ಬಂದಿರಬೇಕು. ಇಲ್ಲಾ ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ತೆಗೆಸಿರಬೇಕು. ಮುಂದಿನ ಸಾಲಿನ ಅಜ್ಜಿಯೊಬ್ಬಳು ನಮ್ಮ ಕಾಕಿಯ ಕಡೆ ಬಾಗಿದಳು. ಕಾಕಿ ದವಾಖಾನೆಯಲ್ಲಿ ನರ್ಸು.

"ಸಿಸ್ಟರ್, ನಿಮ್ಮ ಹುಡುಗನ ಕಣ್ಣಿಗಿ ಏನಾಗ್ಯದ?"

"ಕಣ್ಣಿಗಿ ಏನೂ ಆಗಿಲ್ರಿ. ಆಗಿದ್ದು ತಲೀಗಿ."

ಅಜ್ಜಿ ಇದನ್ನು ಇನ್ನೂ ದೊಡ್ಡ ಕಾಯಿಲೆ ಅಂತ ತಿಳಿದಳು. ಎದ್ದು ನಿಂತು, "ಪಾಸ್ಟರ್, ಈ ಹುಡುಗನ ಸಲುವಾಗಿ ಪ್ರಾರ್ಥನಾ ಮಾಡ್ರಿ, ನೋಟ ಹೊಂಟದಂತ" ಅಂದುಬಿಟ್ಟಳು. ನಾನು ಬೇಡ ಅನ್ನುವುದರೊಳಗೆ ಎಲ್ಲರೂ ಕಣ್ಣು ಮುಚ್ಚಿದರು. ಪಾಸ್ಟರ್ ಭಾಳ ಮನಸ್ಸಿಟ್ಟು, ಭಾಳ ಹೊತ್ತು ಪ್ರಾರ್ಥನೆ ಮಾಡಿದರು. ನಾನೂ ಮಾಡಿದೆ, ಎಕಂಬಾ ತಪ್ಪಲಿ ಅಂತ.

ಆಮೆನ್ ಅಂತ ಕಣ್ಣು ಬಿಟ್ಟರೆ ನನ್ನ ಚಷ್ಮಾ ಬೆಳ್ಳಗಾಗಿತ್ತು. ನನ್ನ ಎರಡೂ ಕಣ್ಣು ಎಲ್ಲರಿಗೂ ಕಾಣುತ್ತಿದ್ದವು. ಅಜ್ಜಿ ಓಡಿ ಬಂದು ನನ್ನ ಗಲ್ಲ ಹಿಡಿದು, "ಬೆರಳು ಎಷ್ಟವ ಹೇಳು?" ಅಂದಳು. ಹೇಳಿದೆ. "ಸ್ತೋತ್ರ! ಸ್ತೋತ್ರ!" ಅಂತ ಕೂಗಿದಳು. ಯಾರೋ ಚಪ್ಪಾಳೆ ತಟ್ಟಿದರು. ಕಾಕಾ ಮಾತ್ರ ಹಲ್ಲು ಕಡಿಯುತ್ತ ನನ್ನನ್ನೇ ನೋಡಿದ, ನಾನೇ ಯಾವುದೋ ಆಟ ಹೂಡಿದ್ದೇನೆ ಅಂತ.

ಆರಾಧನೆ ಮುಗಿದು ಹೊರಗೆ ಬಂದೆವು. ಅಜ್ಜಿ ನನ್ನ ಕೈ ಹಿಡಿದುಕೊಂಡೇ ಬಂದಳು, ಬಂದವರಿಗೆಲ್ಲ ತೋರಿಸಲು. ಅಂಗಳದಲ್ಲಿ ಚುರುಚುರು ಬಿಸಿಲು. ಎಲ್ಲರ ಕಣ್ಣೆದುರಿಗೇ ಚಷ್ಮಾ ಮತ್ತೆ ಕರ್ರಗಾಗತೊಡಗಿತು. ಅಜ್ಜಿ ನನ್ನ ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. "ನೋಡ್ರಿ, ನೋಡ್ರಿ! ಬಾಗಿಲು ದಾಟೋದ್ರಾಗ ಹುಡುಗಂದು ವಿಶ್ವಾಸ ಕಮ್ಮಿ ಆಯ್ತು!"

ಭಾತಂಬ್ರಾದ ಮುತ್ಯಾ

ಬೀದರದಲ್ಲಿ ನಿನ್ನ ಸಹವಾಸ ಸಾಕು, ದೂರದ ರಸ್ತೆಯ ಮೇಲೆ ನೋಡಿಕೊಂಡು ಬಾ ಅಂತ ಕಾಕಾ ನನ್ನನ್ನು ಭಾಲ್ಕಿಯ ಕಡೆ ಕಳಿಸಿದ. ಗೇರ್ ಸೈಕಲ್ ಕೊಟ್ಟಿದ್ದ, ಹಾರಿಕೊಂಡೇ ಹೋದೆ. ಚಷ್ಮಾದ ಬಗ್ಗೆ ಒಂದು ಖರೇ ಮಾತು ಹೇಳಲೇಬೇಕು. ಲಾರಿ ಎಬ್ಬಿಸಿದ ಧೂಳು ಕಣ್ಣೊಳಗೆ ಬರಲಿಲ್ಲ, ಹುಳ ಬಡಿಯಲಿಲ್ಲ, ಬೆವರಿದರೂ ಮೂಗಿನಿಂದ ಜಾರಲಿಲ್ಲ. ಕ್ಯಾಮೆರಾ ಒಂದೇ ಕೆಲಸ ಮಾಡುತ್ತಿರಲಿಲ್ಲ.

ಭಾಲ್ಕಿ ದಾಟಿ ಭಾತಂಬ್ರಾದಲ್ಲಿ ಚಹಾಕ್ಕೆ ನಿಂತೆ. ಹೋಟೆಲಿನವರು ಕಾಕಾನ ಹಳೇ ಗಿರಾಕಿ. ಕಾಕಾ ಅವರಿಗೆ ಆಗಲೇ ಫೋನ್ ಮಾಡಿ, ಕ್ಯಾಮೆರಾ ಚಷ್ಮಾ ಬರಲತ್ತದ ಅಂತ ಸುದ್ದಿ ಮುಟ್ಟಿಸಿದ್ದ. ಹೋಟೆಲಿನ ಮುಂದೆ ಒಬ್ಬ ಮುತ್ಯಾ ತಯಾರಾಗಿ ಕುಳಿತಿದ್ದ. ತೊಳೆದ ಧೋತರ, ಇಸ್ತ್ರಿ ಅಂಗಿ, ತಲೆಗೆ ಹೊಸ ರುಮಾಲು. ಪಕ್ಕದಲ್ಲಿ ಅವನ ಸೊಸೆ.

"ನನ್ನದೊಂದು ಚಲೋ ಫೋಟೋ ಹೊಡಿಯಪ್ಪಾ. ಸತ್ತ ಮ್ಯಾಲ ಗ್ವಾಡಿಗಿ ಹಾಕ್ಲಾಕ ಬೇಕು. ನನ್ನವು ಎಲ್ಲಾ ಫೋಟೋದಾಗ ಕಣ್ಣು ಮುಚ್ಯಾವ."

"ಮುತ್ಯಾ, ಇದ್ರಾಗ ಬೀಳ್ತದೋ ಇಲ್ಲೋ ನಂಗೇ ಗೊತ್ತಿಲ್ಲ. ಫೋಟೋ ಬಿದ್ರ ಕರ್ರಗ ಆಗ್ತದಂತ ನಮ್ಮ ಕಾಕಾ ಅಂತಾನ."

"ಆಯ್ತು, ನೀ ಹೊಡಿ. ನಗಬೇಕೋ, ಬ್ಯಾಡೋ?"

ಸೊಸೆ ನಡುವೆ ಬಾಯಿ ಹಾಕಿದಳು. "ನಗಬ್ಯಾಡ್ರಿ ಮಾವ. ನಾಳಿ ಅಳೋರಿಗಿ ತ್ರಾಸ ಆಗ್ತದ."

ಮುತ್ಯಾ ನಗದೆ, ಕಣ್ಣು ಮಿಟುಕಿಸದೆ, ಉಸಿರು ಬಿಗಿಹಿಡಿದು ಬಿಸಿಲಲ್ಲಿ ನಿಂತ. ಚಷ್ಮಾ ಕರ್ರಗಾಯಿತು. "ಬಿತ್ತು!" ಅಂತ ಹೋಟೆಲಿನವರೆಲ್ಲ ಕೂಗಿದರು. ನೋಡೋಣ ಅಂತ ಗುಂಪು ಕಟ್ಟಿಕೊಂಡು ಒಳಗೆ ಹೋದೆವು. ನಾನು ಒಂದು ಚಹಾ ಕುಡಿಯುವುದರೊಳಗೆ ಗಾಜು ತಿಳಿಯಾಗಿಬಿಟ್ಟಿತು. ಕಡೆಗೆ ನಾನೇ ಹೇಳಬೇಕಾಯಿತು: "ಮುತ್ಯಾ, ನಿಮ್ಮ ಫೋಟೋ ಹೋಯ್ತು."

ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಮುತ್ಯಾ ಸಮಾಧಾನದಿಂದ ರುಮಾಲು ಬಿಚ್ಚಿ ಮಡಚಿದ. "ಇರ್ಲಿ ಬಿಡು, ನಾ ಇನ್ನಾ ಬದುಕೀನಲ್ಲ, ಅದಕ್ಕೇ ನಿಂದರವಲ್ದು. ಸತ್ತ ಮ್ಯಾಲ ಒಂದು ಸಲ ಬಾ."

ಒಂದು ಕಣ್ಣಿನ ಸೀಟು

ಬರುವಾಗ ಭಾಲ್ಕಿಯಲ್ಲಿ ಸೈಕಲ್ಲಿನ ಚೈನ್ ಕಡಿಯಿತು. ಬಸ್ ಸ್ಟ್ಯಾಂಡಿನ ಹೊರಗೆ ಬಿಸಿಲಲ್ಲಿ ಸೈಕಲ್ ನಿಲ್ಲಿಸಿ, ಸೀಟಿನ ಮೇಲೆ ಚಷ್ಮಾ ಇಟ್ಟು, ಅದು ಹಾರಬಾರದು ಅಂತ ಟವೆಲ್ ಹೊದಿಸಿ ಬಸ್ ವಿಚಾರಿಸಲು ಹೋದೆ. ಬಂದು ನೋಡಿದರೆ ಬೀದರ ಬಸ್ ಬಿಡುವ ಗಡಿಬಿಡಿ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ, ಚಷ್ಮಾ ಮೂಗಿಗೇರಿಸಿ ಒಳಗೆ ಹತ್ತಿದೆ. ಬಸ್ಸು ಕಿಕ್ಕಿರಿದಿತ್ತು.

ಒಬ್ಬ ಹೆಂಗಸು ನನ್ನ ಮುಖ ನೋಡಿದವಳೇ ಲೊಚಗುಟ್ಟುತ್ತ ಎದ್ದು ನಿಂತಳು. "ಬಾರಪ್ಪಾ, ಕೂಡು. ಇಷ್ಟು ಸಣ್ಣ ವಯಸ್ಸಿನ್ಯಾಗ ಪಾಪ. ಯಾವ ದವಾಖಾನ್ಯಾಗ ಮಾಡಿಸ್ದಿ?"

ನನಗೆ ಏನೂ ತಿಳಿಯಲಿಲ್ಲ. ಸೀಟು ಸಿಕ್ಕಿತಲ್ಲ ಅಂತ ಕೂತೆ. ಹಿಂದಿನವರು, "ಒಂದೇ ಕಣ್ಣಿಂದು ತೆಗೆಸ್ಯಾನ, ಮೋತಿಬಿಂದು ಇರ್ಬೇಕು" ಅಂತ ಮಾತಾಡಿಕೊಂಡರು. ಇನ್ನೊಬ್ಬರು ಖಾರ ತಿನ್ನಬೇಡ ಅಂದರು, ಮತ್ತೊಬ್ಬರು ಭಾರ ಎತ್ತಬೇಡ ಅಂದರು. ಡ್ರೈವರ್ ಹತ್ತಿರದ ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ಒಂದು ಗಾಜು ಕರ್ರಗೆ, ಇನ್ನೊಂದು ಬೆಳ್ಳಗೆ! ಟವೆಲ್ ಅರ್ಧವೇ ಮುಚ್ಚಿತ್ತು. ಬಿಸಿಲು ಬಿದ್ದ ಕಡೆ ಕರ್ರಗಾಗಿತ್ತು, ಟವೆಲ್ ಇದ್ದ ಕಡೆ ಹಾಗೇ ಉಳಿದಿತ್ತು.

ಆಗ ನನ್ನ ತಲೆಯೊಳಗೆ ಏನೋ ಟಣ್ ಅಂತು. ಚಷ್ಮಾ ತೆಗೆದು ಕಿಟಕಿಯಾಚೆ ಕೈ ಚಾಚಿದೆ. ಎರಡೂ ಗಾಜು ಕರ್ರಗಾದವು. ಒಳಗೆ ತಂದು ಹಿಡಿದೆ. ಮೆಲ್ಲಗೆ ಬೆಳ್ಳಗಾದವು. ಮತ್ತೆ ಹೊರಗೆ, ಮತ್ತೆ ಒಳಗೆ. ಫೋಟೋ ಇಲ್ಲ, ಬ್ಯಾಟರಿ ಇಲ್ಲ, ಎಲ್ಲಾ ಬಿಸಿಲಿನ ಆಟ! ಜೀವನದಲ್ಲಿ ಮೊದಲ ಸಲ ಒಂದು ಪಾಠ ನನಗೆ ತಾನಾಗಿ ತಿಳಿದಿತ್ತು. ಖುಷಿಯಿಂದ ಚಷ್ಮಾ ಹಾಕಿಕೊಂಡು ಸುತ್ತ ನೋಡಿ ನಕ್ಕೆ. ಬೆಳ್ಳನೆ ಗಾಜಿನೊಳಗೆ ನನ್ನ ಎರಡೂ ಕಣ್ಣು ಫಳಫಳ.

ಸೀಟು ಬಿಟ್ಟುಕೊಟ್ಟ ಹೆಂಗಸು ಬಗ್ಗಿ ನೋಡಿದಳು. "ಆರಾಮಾದ್ವಾ? ಹಂಗಾದ್ರ ಏಳು ಮ್ಯಾಲಕ್ಕ! ಬಿಡು ನನ್ನ ಸೀಟು!"

ಟ್ಯೂಬ್‌ಲೈಟಿನ ಸಾಕ್ಷಿ

ಅಂಗಡಿಗೆ ಬರುವಾಗ ಸಂಜೆಯಾಗಿತ್ತು. ಓಡಿ ಹೋಗಿ ಹೇಳಿದೆ: "ಕಾಕಾ, ಇದು ಕ್ಯಾಮೆರಾ ಅಲ್ರಿ! ಬಿಸಿಲಾಗ ಕರಿ ಆಗ್ತದ, ನೆರಳಾಗ ಬಿಳಿ ಆಗ್ತದ. ಅಷ್ಟೇ!"

ಕಾಕಾ ನನ್ನನ್ನು ಕೆಳಗಿಂದ ಮೇಲೆ ನೋಡಿದ. "ಗೋಸುಂಬಿ ಏನೋ ಅದು, ಬಣ್ಣಾ ಬದಲಿ ಮಾಡ್ಲಾಕ? ಬಿಸಿಲಾಗ ಕರಿ ಆಗೋದು ನಂಗೂ ಗೊತ್ತದ. ಬಿಸಿಲಾಗ ಫೋಟೋ ಚಲೋ ಬೀಳ್ತದ, ಅದಕ್ಕೇ ಬಿಸಿಲಾಗ ತುಂಬ್ತದ."

"ಅಲ್ರಿ ಕಾಕಾ, ಬೆಳಕಿಗಿ ಆಗೋದು."

"ಬೆಳಕಿಗಾ? ಬಾ ಇಲ್ಲಿ." ಟ್ಯೂಬ್‌ಲೈಟಿನ ಕೆಳಗೆ ಚಷ್ಮಾ ಹಿಡಿದ. ಗಾಜು ಅಲ್ಲಾಡಲಿಲ್ಲ. ಮೊಬೈಲಿನ ಟಾರ್ಚ್ ಬಿಟ್ಟ. ಏನಿಲ್ಲ. ಕಾಕಿಯ ಮೊಬೈಲೂ ತಂದು ಎರಡೂ ಕಡೆಯಿಂದ ಬಿಟ್ಟ. ಬೆಳ್ಳಗೆ ಬೆಳ್ಳಗೇ ಉಳಿಯಿತು.

"ಟ್ಯೂಬ್‌ಲೈಟ್ ಬೆಳಕಲ್ಲೇನು? ಹೇಳು. ಬೆಳಕಲ್ಲೇನು?"

ಈ ಗಾಜಿಗೆ ಸೂರ್ಯನ ಬಿಸಿಲೇ ಬೇಕು, ಟ್ಯೂಬ್‌ಲೈಟಿಗೆ ಅದು ಕ್ಯಾರೇ ಅನ್ನುವುದಿಲ್ಲ ಅಂತ ಆಮೇಲೆ ತಿಳಿಯಿತು. ಆದರೆ ಆಮೇಲೆ ತಿಳಿದು ಏನು ಉಪಯೋಗ? ಕಾಕಾ ಆಗಲೇ ಅಪ್ಪನಿಗೆ ಫೋನ್ ಹಚ್ಚಿದ್ದ. "ಅಣ್ಣಾ, ಏಜೆಂಟ್ ನಾಳಿ ಔರಾದಕ್ಕ ಬರ್ಲತ್ತಾರ. ಚಷ್ಮಾ ಅವರಿಗಿ ಕೊಡ್ತೇನಿ, ಹುಡುಗನ್ನ ನಿಂಗ ಕೊಡ್ತೇನಿ. ಬಂದು ಒಯ್ಯಿ."

ಮರುದಿನ ಮುಂಜಾನೆ ಜೀಪಿನಲ್ಲಿ ಔರಾದಕ್ಕೆ ಹೊರಟೆವು. ನನ್ನ ಬಟ್ಟೆಯ ಚೀಲ ಹಿಂದೆ, ನಾವು ಮುಂದೆ ಡ್ರೈವರನ ಪಕ್ಕದಲ್ಲಿ. ಎದುರಿನ ಗಾಜಿನಿಂದ ಬಿಸಿಲು ನೇರ ನನ್ನ ತೊಡೆಯ ಮೇಲೆ ಬೀಳುತ್ತಿತ್ತು. ಕಡೆಯ ಆಸೆ ಅಂತ ಚಷ್ಮಾವನ್ನು ಆ ಬಿಸಿಲಲ್ಲಿ ಹಿಡಿದೆ. ದಾರಿ ಅರ್ಧ ಮುಗಿದರೂ ಹಾಳಾದ್ದು ಕರ್ರಗಾಗಲಿಲ್ಲ. ಗಾಡಿಯ ಗಾಜು ಬಿಸಿಲಿನ ಕಸುವನ್ನೆಲ್ಲ ಹೊರಗೇ ತಡೆದುಬಿಡುತ್ತದಂತೆ, ಅದೂ ಆಮೇಲೆ ತಿಳಿದದ್ದೇ.

ಕಾಕಾ ಗೆದ್ದವನ ಹಾಗೆ ನಕ್ಕ. "ನೋಡು, ಬಿಸಿಲದ, ಕರಿ ಆಗ್ಲಿಲ್ಲ. ಯಾಕಂದ್ರ ಇಲ್ಲಿ ಫೋಟೋ ಹೊಡಿಯೋವಂಥಾದು ಏನೂ ಇಲ್ಲ."

ಜೀಪಿನ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿ ತನ್ನ ಮುಖ ಮುಂದೆ ಚಾಚಿದ. "ಯಾಕ್ರೀ? ನಮ್ಮ ಮಾರಿಗಿ ಏನಾಗ್ಯದ?"

ಔರಾದದಲ್ಲಿ ರಿಪೋರ್ಟ್

ಔರಾದದ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದ ಹೋಟೆಲು. ಏಜೆಂಟರು ಕುಳಿತಿದ್ದರು. ಸುತ್ತ ಇನ್ನೂ ಕೆಲವು ಸೈಕಲ್ ಅಂಗಡಿಯವರು. ಮೂಲೆಯ ಬೆಂಚಿನ ಮೇಲೆ ಅಪ್ಪ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಕೂತಿದ್ದ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಹೊರಗೆ ಎಕಂಬಾದ ಬಸ್ಸು ನಿಂತು ಹಾರ್ನ್ ಹೊಡೆಯುತ್ತಿತ್ತು.

"ಬೋಲೋ ಮಿಯಾ, ಚಷ್ಮಾ ಹ್ಯಾಂಗದ?" ಅಂತ ಏಜೆಂಟರು ನನ್ನನ್ನೇ ಕೇಳಿದರು.

ಸುಳ್ಳು ಹೇಳಿದರೆ ಕಾಕಾ ಖುಷಿ, ಖರೇ ಹೇಳಿದರೆ ಎಕಂಬಾ. ಎಕಂಬಾ ಹೇಗಿದ್ದರೂ ಬಂದಂತಾಗಿತ್ತು. ಖರೇನೇ ಹೇಳಿದೆ. "ಬಿಸಿಲಾಗ ಕರಿ ಆಗ್ತದ, ನೆರಳಾಗ ಬಿಳಿ ಆಗ್ತದ್ರಿ. ಭಾಳ ಹಗುರ ಅದ. ಧೂಳು ಬರಲ್ಲ, ಜಾರಲ್ಲ. ಆದ್ರ ಬಿಸಿಲಿಂದ ಒಮ್ಮೆಲೆ ಕತ್ತಲ್ಯಾಗ ಹೊಕ್ಕರ ಬೆಳ್ಳಗ ಆಗ್ಲಾಕ ತಡಾ ಮಾಡ್ತದ. ಆವಾಗ ಮುಂದ ಯಾರಿದ್ದಾರ ತಿಳಿಯಲ್ಲ."

ಕಾಕಾ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಏಜೆಂಟರಿಗೆ ಕೈ ಮುಗಿದ. "ಮನ್ಸಿಗಿ ತೊಗೋಬ್ಯಾಡ್ರಿ ಸಾಹೇಬ್ರ, ಈ ಹುಡುಗಂದು ಮಸ್ಕಿರಿ ಸ್ವಭಾವ. ಖರೇ ರಿಪೋರ್ಟ್ ನಾ ಹೇಳ್ತೇನಿ. ಎಲ್ಲಾ ಬರೋಬರ್ ಅದ. ಒಂದೇ ತಕರಾರು, ಫೋಟೋ ನಿಂದ್ರಲ್ಲ."

"ಕ್ಯಾ ನಿಂದ್ರಲ್ಲ?"

"ಫೋಟೋರಿ. ಬೀಳೋದು ಬೀಳ್ತದ. ಒಳಗ ತಂದ ಕೂಡ್ಲೇ ಅಳಿಸಿ ಹೋಗ್ತದ. ನೀಲಿ ಅಂಗಿ ಹಾಕ್ಕೊಂಡೆ, ಪಟ್ಟಿ ಪಟ್ಟಿ ಅಂಗಿ ಹಾಕ್ಕೊಂಡೆ, ಒಂದೂ ನಿಂದ್ರಲಿಲ್ಲ."

ಏಜೆಂಟರು ಕಪ್ಪು ಕೆಳಗಿಟ್ಟರು. ಕಾಕಾನ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದವರು ಬೆಂಚಿನಿಂದ ಜಾರುವ ತನಕ ನಕ್ಕರು. ಅಂಗಡಿಯವರು ಅವರ ಬೆನ್ನು ತಟ್ಟಿದರು, ನೀರು ಕುಡಿಸಿದರು.

"ಅರೆ ಭಾಯಿ, ಹುಡುಗ ಹೇಳಿದ್ದೇ ಪಕ್ಕಾ! ಇದ್ರಾಗ ಕ್ಯಾಮೆರಾ ಇಲ್ಲ. ಇಲ್ಲಿ ಫೋಟೋ ಅಂದ್ರ ಬೆಳಕು. ಲೈಟ್ ಅಂದ್ರ ಹಗುರ."

ಕಾಕಾ ಹಣೆ ಗಂಟು ಹಾಕಿದ. "ಫೋಟೋ ಅಂದ್ರ ಲೈಟು?"

"ಹೌದು."

"ಲೈಟ್ ಅಂದ್ರ ಹಗುರ?"

"ಬರೋಬರ್."

"ಹಂಗಾದ್ರ ನನ್ನ ಫೋಟೋ ಹಗುರ ಇತ್ತು, ಅದಕ್ಕೇ ಹಾರಿ ಹೋಯ್ತೇನು?"

ಏಜೆಂಟರು ಮತ್ತೆ ಜಾರಿದರು. ಕಡೆಗೆ ಕಣ್ಣೊರೆಸಿಕೊಂಡು, "ನಿಮ್ಮ ಹುಡುಗನಷ್ಟು ಸಾಫ್ ರಿಪೋರ್ಟ್ ಯಾರೂ ಕೊಟ್ಟಿಲ್ಲ. ಮಾಲು ನಿಮ್ಮ ಅಂಗಡಿಗೇ" ಅಂದರು. ಕಾಕಾ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ.

ಹೊರಗೆ ಎಕಂಬಾದ ಬಸ್ಸು ಇನ್ನೊಮ್ಮೆ ಹಾರ್ನ್ ಹೊಡೆಯಿತು. ಮೂಲೆಯಲ್ಲಿ ಕೂತಿದ್ದ ಅಪ್ಪ ಬಸಿ ಕೆಳಗಿಟ್ಟು ಎದ್ದ. ನನ್ನ ಚೀಲಕ್ಕೆ ಕೈ ಹಾಕುತ್ತಾನೆ ಅಂದುಕೊಂಡೆ. ಹಾಕಲಿಲ್ಲ. ಕಾಕಾನ ಮುಂದೆ ಬಂದು ನಿಂತ.

"ತಮ್ಮಾ, ನೀ ಹತ್ತನೇ ಪರೀಕ್ಷಾ ಬರ್ದಿದ್ದಿ ನೋಡು. ಅದ್ರ ರಿಜಲ್ಟ್ ಬಂದಾಗ ಬೀದರಕ್ಕ ಹೋಗಿ ನೋಡ್ಕೊಂಡು ಬಂದವರು ಯಾರು?"

"ನಾನೇ ಅಣ್ಣಾ."

"ಜೋಡಿ ಯಾರಿದ್ರು?"

"ಯಾರೂ ಇಲ್ಲ."

"ಪಾಸಾಗೀನಿ ಅಂತ ಊರಾಗ ಪೇಡಾ ಹಂಚಿದವ?"

"ನಾನೇ. ಯಾಕಣ್ಣಾ ಈಗ ಅದು?"

ಅಪ್ಪ ಭಾಳ ಮೆಲ್ಲಗೆ ಕೇಳಿದ: "ಆ ರಿಜಲ್ಟ್ ಇಂಗ್ಲಿಷಿನ್ಯಾಗ ಬರ್ದಿತ್ತೇನು?"

ಕಾಕಾ ಒಂದು ಕೈಯಲ್ಲಿ ನನ್ನ ಚೀಲ, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು, ಬೀದರಕ್ಕೆ ಹೊರಟಿದ್ದ ಜೀಪಿನ ಕಡೆ ನನ್ನನ್ನು ಎಳೆದುಕೊಂಡು ಓಡತೊಡಗಿದ.

"ಜಲ್ದಿ ನಡಿಯೋ! ನಿಮ್ಮಪ್ಪ ಇಬ್ಬರನ್ನೂ ಸಾಲಿಗಿ ಹಾಕ್ತಾನ!"